ಬೈಗುಳಕ್ಕೆ ಒನ್ಸ್ ಮೋರ್

ಮೆತ್ತಗಿನ ಮನುಷ್ಯನೊಬ್ಬನ ಬಾಯಿಗೆ ನಾನು ಒಂದೇ ಒಂದು ಬೈಗುಳ ಬರೆದುಕೊಟ್ಟೆ. ಅದು ನಾಲ್ಕು ಊರು ಸುತ್ತುವಷ್ಟರಲ್ಲಿ ನನಗೆ ನಾಟಕದ ಮೇಲೆ, ನೋಡುವ ಜನದ ಮೇಲೆ, ಬರೆದ ನನ್ನ ಕೈಯ ಮೇಲೆ ಹೇಸಿಗೆ ಹುಟ್ಟಿತ್ತು. ಈಗಲೂ ಯಾರಾದರೂ ಆ ನಾಟಕವನ್ನು ಹೊಗಳಿದರೆ ಮೈಮೇಲೆ ಹುಳ ಹರಿದ ಹಾಗಾಗುತ್ತದೆ.

ಯುದ್ಧದ ದಿನಗಳು. ನಮ್ಮ ಕಂಪನಿ ಹಾಸನದಲ್ಲಿ ಮೊಕ್ಕಾಂ ಮಾಡಿತ್ತು. ನಾನು ಅಲ್ಲಿ ಬರೆಯುವ ಮೇಷ್ಟ್ರು, ಜೊತೆಗೆ ಪ್ರಾಂಪ್ಟರು. ಹಗಲು ಮಾತು ಬರೆದು ಕಲಿಸುವುದು, ಆಟದ ಹೊತ್ತಿಗೆ ಸೈಡ್ ವಿಂಗಿನ ಮರೆಯಲ್ಲಿ ಸ್ಟೂಲು ಹಾಕಿಕೊಂಡು ನಟರಿಗೆ ಮಾತು ಎತ್ತಿಕೊಡುವುದು. ಗ್ಯಾಸ್ ಲೈಟಿಗೆ ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ಸಂಜೆಗೇ ಆಟ ಶುರುಮಾಡಿ ಬೇಗ ಮುಗಿಸುತ್ತಿದ್ದೆವು. ಟಾಕಿಗೆ ರುಚಿ ಹತ್ತಿದ ಜನ ನಮ್ಮ ಪುರಾಣದ ಆಟಗಳಿಗೆ ಬರುವುದು ಕಡಿಮೆಯಾಗಿತ್ತು. ನಮ್ಮ ಮಾಲೀಕರು ಚನ್ನರಾಯಪಟ್ಟಣದ ಕಡೆಯವರು, ಕೊಬ್ಬರಿ ವ್ಯಾಪಾರದಿಂದ ನಾಟಕಕ್ಕೆ ಬಂದವರು. ಸಂಸಾರದ ಕತೆ ಬರೆಯಿರಿ, ಹೆಂಗಸರು ಅಳಬೇಕು ಎಂದರು. ಬೇರೆ ಕತೆ ಹೊಳೆಯಲಿಲ್ಲ. ನಮ್ಮ ಮನೆಯ ಕತೆಯನ್ನೇ ಬರೆದೆ.

ನಮ್ಮಪ್ಪ ಹೊಳೆನರಸೀಪುರದ ಹತ್ತಿರದ ಹಳೇಕೋಟೆಯಲ್ಲಿ ಮಕ್ಕಳಿಗೆ ಓದುಬರಹ ಹೇಳಿಕೊಡುತ್ತಿದ್ದ ಐಗಳು. ಹಣೆಗೆ ವಿಭೂತಿ, ಹೆಗಲಿಗೊಂದು ವಲ್ಲಿ. ಅವರು ದನಿ ಏರಿಸಿದ್ದನ್ನು ಊರು ಕಂಡಿರಲಿಲ್ಲ. ಬೆತ್ತವಿಲ್ಲದ ಐಗಳು ಎಂದು ಜನ ಛೇಡಿಸುತ್ತಿದ್ದರು. ಎತ್ತಿಗೂ ಅವರು 'ಬಾರಪ್ಪ' ಎಂದೇ ಹೇಳುತ್ತಿದ್ದದ್ದು. ನಮ್ಮಕ್ಕ ಗಂಡನ ಮನೆಯಲ್ಲಿ ಜ್ವರ ಬಂದು ಮಲಗಿದಳು. ಹದಿನೈದು ದಿನ ಮಲಗಿದ್ದರೂ ಆ ಮನೆಯವರು ನಮಗೆ ಸುದ್ದಿ ಕೊಡಲಿಲ್ಲ, ವೈದ್ಯರನ್ನೂ ಕರೆಸಲಿಲ್ಲ. ನಾವು ಹೋಗುವ ಹೊತ್ತಿಗೆ ಮಣ್ಣು ಮುಗಿದಿತ್ತು. ತಿಂಗಳು ತುಂಬುವ ಮೊದಲೇ ಆ ಬೀಗರು, ಎಂದರೆ ಅಕ್ಕನ ಮಾವ, ನಮ್ಮ ಜಗಲಿಗೆ ಬಂದು ಕೂತರು. ಅಪ್ಪ ತಾವೇ ಒಳಗಿನಿಂದ ಮಜ್ಜಿಗೆ ತಂದರು. ಬೀಗರು ಮೀಸೆ ಒರೆಸಿಕೊಂಡು, ಆದದ್ದು ಆಗಿಹೋಯಿತು, ನಿಮಗೆ ಇನ್ನೊಬ್ಬಳು ಮಗಳಿದ್ದಾಳಲ್ಲ, ನಮ್ಮ ಹುಡುಗನಿಗೆ ಅವಳನ್ನೇ ಕೊಟ್ಟುಬಿಡಿ, ಸಂಬಂಧ ಕಳಚುವುದು ಬೇಡ ಎಂದರು. ಅಪ್ಪ ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಮಗ್ಗಿ ಹೇಳಿಕೊಡುವ ದನಿಯಲ್ಲೇ ಅಂದರು:

"ಮಜ್ಜಿಗೆ ಕುಡೀರಿ. ಕುಡ್ದು ಎದ್ದು ಹೋಗಿ, ಸೂಳೇಮಗನೆ."

ಬೈಯುವಾಗಲೂ ಅವರಿಗೆ ಬಹುವಚನ ಬಿಡಲಾಗಲಿಲ್ಲ. ಬೀಗರು ಮಜ್ಜಿಗೆಯನ್ನೂ ಬಿಟ್ಟು ಮೆಟ್ಟನ್ನೂ ಬಿಟ್ಟು ಹೊರಟುಹೋದರು. ಅಪ್ಪ ಲೋಟ ತೊಳೆದಿಟ್ಟು, ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತರು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅದು ಅವರಿಗೆ ಸಾಯುವವರೆಗೂ ಕಾಡುವ ನಾಚಿಕೆ ಎಂದು ನಾನು ತಿಳಿದುಕೊಂಡೆ. ಹಾಗೆ ತಿಳಿದುಕೊಂಡೂ, ಅವರನ್ನು ಒಂದು ಮಾತು ಕೇಳದೆ, ಅದನ್ನು ಎತ್ತಿ ಮೂರನೇ ಅಂಕಕ್ಕೆ ಹಾಕಿದೆ. ಅಪ್ಪನಿಗೆ ನಾಟಕದಲ್ಲಿ ಸಾಂಬಯ್ಯ ಎಂದು ಹೆಸರಿಟ್ಟೆ.

ಬೈಯುವವನ ಬಾಯಲ್ಲಿ ಬೈಗುಳಕ್ಕೆ ತೂಕವಿಲ್ಲ. ಸಂತೆಯಲ್ಲಿ ದಿನಕ್ಕೆ ನೂರು ಕೇಳುತ್ತೇವೆ, ಯಾರೂ ತಿರುಗಿ ನೋಡುವುದಿಲ್ಲ. ಬೈಯದವನು ಬೈದರೆ ಮಾತ್ರ ಎದೆ ನಡುಗುತ್ತದೆ. ಆದ್ದರಿಂದ ನನ್ನ ಕೆಲಸವೆಲ್ಲ ಆ ಮಾತಿನ ಹಿಂದಿನ ಎರಡು ಅಂಕಗಳಲ್ಲಿತ್ತು. ಸಾಂಬಯ್ಯನ ಮಾತಿನಿಂದ ಖಾರವಾದದ್ದನ್ನೆಲ್ಲ ಕೆಂಪು ಮಸಿಯಲ್ಲಿ ಹೊಡೆದುಹಾಕಿದೆ. 'ಹಾಳಾದ್ದು' ಹೋಯಿತು, 'ಥೂ' ಹೋಯಿತು, ಕರುವಿಗೆ ಮುದ್ದಿನಿಂದ 'ಕತ್ತೆ' ಎನ್ನುವುದೂ ಹೋಯಿತು. ಬೇರೆಯವರ ಬಾಯನ್ನೂ ತೊಳೆದೆ. ಹಾಸ್ಯದ ನಟನ ಬೈಗುಳಗಳನ್ನು ತೆಗೆದಾಗ ಅವನು ನನ್ನ ಹೊಟ್ಟೆಯ ಮೇಲೆ ಹೊಡೆದಿರಿ ಎಂದು ವಾರವೆಲ್ಲ ಮುಖ ಊದಿಸಿಕೊಂಡು ತಿರುಗಿದ.

ಸಾಂಬಯ್ಯನ ಪಾರ್ಟು ಕಂಪನಿಯ ಹಿರಿಯ ನಟರಿಗೆ ಬಂತು. ಅರಕಲಗೂಡಿನ ಕಡೆಯ ಒಕ್ಕಲು ಮನೆಯವರು, ಅರವತ್ತರ ಹತ್ತಿರ. ಮೂವತ್ತು ವರ್ಷ ಋಷಿಗಳನ್ನೂ ರಾಜರನ್ನೂ ಆಡಿದವರು. ರಂಗಕ್ಕೆ ಕಾಲಿಡುವ ಮೊದಲು ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. ಆ ಸಾಲು ಓದಿ ಪುಸ್ತಕ ಮಡಚಿಟ್ಟರು. ಬೇಡ, ಇಂಥ ಮಾತನ್ನು ಈ ಹಲಗೆಯ ಮೇಲೆ ಆಡಿಲ್ಲ ಎಂದರು. ಎರಡು ದಿನ ಒಲಿಸಿದೆ. ಕೊನೆಗೆ ಒಪ್ಪಿದರು, ಒಪ್ಪಿದ ಮೇಲೆ ತೋಳು ಬೀಸಿ, ಕಣ್ಣು ಕೆಂಪಗೆ ಮಾಡಿ, ರಾಕ್ಷಸನಿಗೆ ಶಾಪ ಕೊಡುವ ಹಾಗೆ ಕೂಗತೊಡಗಿದರು. ಕೈ ಖಾಲಿ ಇದ್ದರಲ್ಲವೇ ಎತ್ತುವುದು ಎಂದು ಎರಡು ಕೈಗೂ ಸೇರಿಸಿ ಮಜ್ಜಿಗೆ ಲೋಟ ಹಿಡಿಸಿದೆ. ಮಜ್ಜಿಗೆ ತುಂಬಿ ಹಿಡಿಸಿದೆ, ಚೆಲ್ಲಬಾರದು ಎಂದೆ. ಹನ್ನೊಂದು ದಿನದ ತಾಲೀಮಿನಲ್ಲಿ ಹತ್ತನೆಯ ದಿನ ಮಜ್ಜಿಗೆ ಚೆಲ್ಲಲಿಲ್ಲ. ಅವತ್ತು ಮಾತು ಸರಿಯಾಗಿ ಬಿತ್ತು. ಬೀಗರ ಪಾರ್ಟಿನವನು ತಾಲೀಮು ಎನ್ನುವುದನ್ನು ಮರೆತು ಬೆಚ್ಚಿ ಎದ್ದುನಿಂತ.

ಹಾಸನದ ಮೊದಲ ಆಟದಲ್ಲಿ ಆ ಮಾತು ಬಿದ್ದಾಗ ಮಂಟಪ ಉಸಿರು ಬಿಡಲಿಲ್ಲ. ಬೀಗರು ಎದ್ದು ಹೋದರು. ಸಾಂಬಯ್ಯ ಲೋಟ ಕೆಳಗಿಟ್ಟರು. ಹೆಂಗಸರ ಕಡೆಯಿಂದ ಯಾರೋ ಬಿಕ್ಕಿದ್ದು ನನ್ನ ಸ್ಟೂಲಿನವರೆಗೆ ಕೇಳಿಸಿತು. ನಾನು ಪುಸ್ತಕ ಮುಚ್ಚಿಕೊಂಡು ಅತ್ತೆ. ಬರೆದವನಿಗೆ ಅಂಥ ಹೊತ್ತು ಒಂದು ಜನ್ಮಕ್ಕೆ ಒಂದು ಸಲ ಬರುತ್ತದೆ. ನನಗೆ ಬಂದದ್ದು ಮೂರು ಆಟ.

ನಾಲ್ಕನೆಯ ಆಟದಲ್ಲಿ ಹಿಂದಿನ ನೆಲದ ಕ್ಲಾಸಿನಿಂದ ಒಬ್ಬ ಎದ್ದು "ಒನ್ಸ್ ಮೋರ್" ಎಂದ.

ಕಂಪನಿ ನಾಟಕ ನೋಡಿದವರಿಗೆ ಇದು ಗೊತ್ತು. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಎನ್ನುತ್ತಾರೆ. ಹಾರ್ಮೋನಿಯಂ ಮತ್ತೆ ಶ್ರುತಿ ಕೊಡುತ್ತದೆ. ನಟ ಮೊದಲು ನಿಂತಿದ್ದ ಜಾಗಕ್ಕೆ ಹೋಗಿ ಮೊದಲಿನಿಂದ ಎತ್ತಿಕೊಳ್ಳುತ್ತಾನೆ. ಕೊಡದಿದ್ದರೆ ಸಭೆಗೆ ಅವಮಾನ. ಸತ್ತ ಮಗನ ಮುಂದೆ ತಾಯಿ ಅಳುವ ಹಾಡಿಗೆ ಒನ್ಸ್ ಮೋರ್ ಬಂದರೆ ಸತ್ತವನೂ ಸೊಳ್ಳೆ ಹೊಡೆದುಕೊಂಡು, ಕಾಲು ಸರಿಮಾಡಿಕೊಂಡು ಮತ್ತೆ ಸಾಯುತ್ತಿದ್ದ. ಆದರೆ ಅದು ಹಾಡಿಗೆ. ಬರಿಯ ಮಾತಿಗೆ, ಅದೂ ಬೈಗುಳಕ್ಕೆ, ಯಾರೂ ಕೇಳಿದ್ದಿಲ್ಲ. ಹಿರಿಯ ನಟರು ಬೆದರಿದರು. ಅವರ ಕಾಲಿಗೆ ಮಾತ್ರ ಬೆದರಿಕೆ ಇರಲಿಲ್ಲ. ಮೂವತ್ತು ವರ್ಷದ ರೂಢಿ. ಮೂರು ಹೆಜ್ಜೆ ಹಿಂದೆ ಸರಿದು ಲೋಟ ಎತ್ತಿಕೊಂಡು ನಿಂತರು. ವಿಂಗಿಗೆ ಬಂದು ಬೀಡಿ ಹಚ್ಚುತ್ತಿದ್ದ ಬೀಗರ ಪಾರ್ಟಿನವನು ಬೀಡಿ ನನ್ನ ಕೈಗೆ ಕೊಟ್ಟು ಒಳಗೆ ಓಡಿದ, ಜಗಲಿಯ ಮೇಲೆ ಕೂತು ಮೀಸೆ ಒರೆಸಿಕೊಂಡ. ಹಾರ್ಮೋನಿಯಂನವರು ಪೆದ್ದರ ಹಾಗೆ ಶ್ರುತಿ ಕೊಟ್ಟರು. ಸಾಂಬಯ್ಯ ಇನ್ನೊಂದು ಸಲ ಬೈದರು. ಸೀಟಿ, ಚಪ್ಪಾಳೆ, ನಗು. ಅಕ್ಕ ಸತ್ತದ್ದು ಯಾರಿಗೂ ನೆನಪಿರಲಿಲ್ಲ.

ಮಾರನೆಯ ದಿನ ಮಾಲೀಕರಿಗೆ ದೂರು ಹೇಳಲು ಹೋದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಗಾಳಿ ಬಂದಾಗ ತೂರ್ಕಬೇಕು ಮೇಷ್ಟ್ರೆ. ಜನ ಕೇಳ್ತಾವ್ರೆ, ನಾವ್ ಕೊಡ್ತಾ ಇದೀವಿ. ನಿಮ್ಗೇನು ಕಷ್ಟ ಹೇಳಿ," ಎಂದರು. ಏನು ಕಷ್ಟ ಎಂದು ಹೇಳಲು ನಮ್ಮಪ್ಪನ ಹೆಸರು ಎತ್ತಬೇಕಾಗಿತ್ತು. ಎತ್ತಲಿಲ್ಲ.

ಅರಕಲಗೂಡಿಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಮಾಲೀಕರು ಹ್ಯಾಂಡ್‌ಬಿಲ್ಲು ಹಾಕಿಸಿದರು: ಸಾಧು ಸಾಂಬಯ್ಯನ ಬಾಯಲ್ಲಿ ಬಂದ ಮಾತೇನು, ಬಂದು ಕೇಳಿರಿ. ಗಾಡಿಯ ಮೇಲೆ ತಮಟೆ ಬಡಿಸಿಕೊಂಡು ಹಳ್ಳಿಹಳ್ಳಿಗೆ ಹಂಚಿಸಿದರು. ಅಚಾನಕ್ಕಾಗಿ ಬೀಳಬೇಕಾದ ಮಾತಿಗೆ ಕಾದು ಕೂತ ಜನ! ಎರಡು ಅಂಕ ನಾನು ಬೆವರು ಸುರಿಸಿ ಕಟ್ಟಿದ ಸಾಧುತನವನ್ನು ಅವರು ಕಡಲೆಕಾಯಿ ಸುಲಿಯುತ್ತ ಕಳೆಯುತ್ತಿದ್ದರು. ಲೋಟ ಕಂಡ ಕೂಡಲೇ ಒಬ್ಬರನ್ನೊಬ್ಬರು ತಿವಿದುಕೊಂಡು ಎದ್ದು ಕೂರುತ್ತಿದ್ದರು. ತಬಲದವನು ಆ ಮಾತಿಗೆ ಒಂದು ಏಟು ಸೇರಿಸಿದ. ಯಾರು ಹೇಳಿದರಯ್ಯ ಎಂದರೆ, ಖಾಲಿಖಾಲಿ ಅನ್ನಿಸುತ್ತೆ ಸಾ ಎಂದ.

ನಾನೂ ಸುಮ್ಮನಿರಲಿಲ್ಲ. ಮೊದಲು, ಮಾತು ಆಡಿದ ಕೂಡಲೇ ಒಳಕ್ಕೆ ಬಂದುಬಿಡಿ ಎಂದು ಹಿರಿಯರಿಗೆ ಹೇಳಿಕೊಟ್ಟೆ. ಬಂದರು. ಜನ ಬೆಂಚು ಬಡಿದರು, ಬಡಿಯುತ್ತಲೇ ಇದ್ದರು. ಮಾಲೀಕರು ಬಂದು ಹಿರಿಯರನ್ನು ರಟ್ಟೆ ಹಿಡಿದು ಮತ್ತೆ ರಂಗಕ್ಕೆ ತಳ್ಳಿದರು. ಮುಂದಿನ ಆಟಕ್ಕೆ ಬೆನ್ನು ತಿರುಗಿಸಿ ಪಿಸುಮಾತಿನಲ್ಲಿ ಅನ್ನಿಸಿದೆ. "ಕೇಳಿಸ್ನಿಲ್ಲ ಸಾ, ಇನ್ನೊಂದ್ ಕಿತ ಅನ್ನಿ," ಎಂದು ನೆಲದವರು ಕೂಗಿದರು. ಮೂರನೆಯ ಸಲಕ್ಕೆ ಬೈಗುಳವನ್ನೇ ತೆಗೆದು 'ಎದ್ದು ಹೋಗಿ' ಎಂದಷ್ಟೇ ಉಳಿಸಿದೆ. ಹಿರಿಯರು ಎದ್ದು ಹೋಗಿ ಎಂದರು, ಉಳಿದದ್ದನ್ನು ಇಡೀ ಮಂಟಪ ಒಂದೇ ದನಿಯಲ್ಲಿ ಭಜನೆಯ ಹಾಗೆ ಸೇರಿಸಿತು. ಮುದುಕರು ಮಕ್ಕಳು ಸಹಿತ. ಸ್ಟೂಲಿನ ಮೇಲೆ ಕೂತು ಕಿವಿ ಮುಚ್ಚಿಕೊಂಡೆ. ನನ್ನ ನಾಟಕವನ್ನು ಜನ ಎಂಜಲು ಮಾಡಿ ನನಗೇ ಬಡಿಸಿದ ಹಾಗಿತ್ತು.

ಚನ್ನರಾಯಪಟ್ಟಣ ಮಾಲೀಕರ ಸ್ವಂತ ಊರು. ನುಗ್ಗೇಹಳ್ಳಿಯಿಂದ ಬಸ್ಸಿನ ಮೇಲೆಲ್ಲ ಕೂತು ಜನ ಬಂದರು. ಊರವರ ಮುಂದೆ ಮೆರೆಯಲು ಮಾಲೀಕರು ಮೊದಲನೇ ಅಂಕದಲ್ಲೊಂದು, ಎರಡನೆಯದರಲ್ಲೊಂದು ಬೈಗುಳ ತಾವೇ ಸೇರಿಸಿದರು. ಹಾಸ್ಯದ ನಟ ತನ್ನ ಹಳೆಯ ಸರಕನ್ನೆಲ್ಲ ವಾಪಸು ತಂದ. ಸಾಂಬಯ್ಯನಿಗೆ ಈಗ ಮೂರು ಒನ್ಸ್ ಮೋರ್ ಗ್ಯಾರಂಟಿ: ಒಂದನ್ನು ಕೋಪದಲ್ಲಿ, ಒಂದನ್ನು ಅಳುತ್ತ, ಕೊನೆಯದನ್ನು ಮೀಸೆ ತಿರುವಿ.

ಅದಕ್ಕಿಂತ ಕೆಟ್ಟದ್ದು ಕಾಫಿ ಹೋಟಲಿನಲ್ಲಿ ನಡೆಯಿತು. ಹಿರಿಯರೂ ನಾನೂ ಕೂತಿದ್ದೆವು. ಪಕ್ಕದ ಮೇಜಿನ ಮಂಡಿ ವ್ಯಾಪಾರಿಯೊಬ್ಬ ಎದ್ದು ಬಂದು ಕೈ ಮುಗಿದ. ಅಲ್ಲಿಯವರೆಗೆ ಹಿರಿಯರಿಗೆ ಜನ ಕೈ ಮುಗಿಯುತ್ತಿದ್ದದ್ದು ಅವರು ಆಡಿದ ಋಷಿಗಳಿಗಾಗಿ. ಈತ, "ನನ್ಗೊಂದ್ಸಲ ಅದ ಅಂದ್ಬುಡಿ ಸಾ, ನಿಮ್ ಬಾಯಲ್ಲಿ ಅನ್ನಿಸ್ಕಬೇಕು," ಎಂದ. ಹಿರಿಯರು ನಕ್ಕರು. ನಕ್ಕು, ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಅಂದರು. ಹೋಟಲು ಬಿದ್ದು ಬಿದ್ದು ನಕ್ಕಿತು. ಹೊರಗೆ ಬಂದ ಮೇಲೆ ನಾನು ಅವರ ಜೊತೆ ಮಾತಾಡಲಿಲ್ಲ. ಬೇಡ ಎಂದವರನ್ನು ಒಲಿಸಿದವನು ನಾನೇ ಆದ್ದರಿಂದ ಬೈಯಲೂ ಬಾಯಿ ಬರಲಿಲ್ಲ.

ಆ ವಾರವೇ ಅಪ್ಪನ ಕಾರ್ಡು ಬಂತು. ಕಂಪನಿ ಹೊಳೆನರಸೀಪುರಕ್ಕೆ ಬರುತ್ತದಂತೆ, ನೀನು ಬರೆದ ಆಟವನ್ನು ನೋಡಲೇಬೇಕು, ನಾನು ಬರುತ್ತೇನೆ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದರು. ಅವರು ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರ ನಾಚಿಕೆಯನ್ನು ನಾವು ರಂಗದ ಮೇಲೆ ಬಿಚ್ಚುತ್ತೇವೆ, ಜನ ಸೀಟಿ ಹೊಡೆದು, ಮತ್ತೆ ಬಿಚ್ಚು ಎನ್ನುತ್ತಾರೆ. ನೂಕುನುಗ್ಗಲು ಜಾಸ್ತಿ, ನಿಮಗಾಗುವುದಿಲ್ಲ, ಬರಬೇಡಿ ಎಂದು ಉತ್ತರ ಬರೆದೆ. ಆದರೂ ಬಂದೇ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

ಆ ಆಟವನ್ನೇ ಹೊಳೆನರಸೀಪುರದಲ್ಲಿ ಕೈಬಿಡಿ ಎಂದು ಮಾಲೀಕರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಹ್ಯಾಂಡ್‌ಬಿಲ್ಲು ಹಂಚಿಯಾಗಿದೆ ಎಂದರು. ಕೊನೆಗೆ ಆ ಊರಿಗೆ ಬಂದು, ಆಟದ ಹಿಂದಿನ ದಿನ ಹಿರಿಯರನ್ನು ಹೇಮಾವತಿಯ ದಂಡೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ: ಅಕ್ಕ, ಬೀಗರು, ಜಗಲಿ, ಮಜ್ಜಿಗೆ. ಅವರು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ನಿಮ್ಮಪ್ಪಾರ ಮಾತಾ ಸ್ವಾಮಿ ಅದು? ಮೊದ್ಲೇ ಯೋಳ್ಬಾರ್ದಾಗಿತ್ತಾ," ಎಂದರು. ಮರಳು ಕೊಡವಿಕೊಂಡು ಎದ್ದು ಹೇಳಿದರು: "ನಾಳೆ ಸರಿಯಾಗಿ ಅಂತೀನಿ, ಮೊದ್ಲು ಯೋಳ್ಕೊಟ್ರಲ್ಲ ಅಂಗೆ. ಆದ್ರೆ ಒನ್ಸ್ ಮೋರ್ ಅಂದ್ರೆ ನನ್ ಕಾಲು ನನ್ ಮಾತ್ ಕೇಳಕಿಲ್ಲ. ಅದ್ಕೆ ನೀವೇ ಏನಾರ ಮಾಡಿ."

ಅವರು ಸುಳ್ಳು ಹೇಳಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಕಾಲು ಹಿಂದಕ್ಕೆ ಸರಿಯುವ ಮೊದಲೇ ಜನದ ಮತ್ತು ಅವರ ನಡುವೆ ಏನಾದರೂ ಬೀಳಬೇಕಿತ್ತು. ಬೀಳುವಂಥದ್ದು ಮಂಟಪದಲ್ಲಿ ಒಂದೇ, ಮುಂದಿನ ಪರದೆ. ಪರದೆಯ ಸೀಟಿ ಪ್ರಾಂಪ್ಟರನ ಕೊರಳಲ್ಲಿರುತ್ತದೆ. ಹಗ್ಗದವನು ರಂಗ ನೋಡುವುದಿಲ್ಲ, ಸೀಟಿ ಮಾತ್ರ ಕೇಳುತ್ತಾನೆ. ಮೊದಲನೆಯದಕ್ಕೆ ಹಗ್ಗ ಬಿಗಿ ಹಿಡಿಯುತ್ತಾನೆ, ಎರಡನೆಯದಕ್ಕೆ ಬಿಡುತ್ತಾನೆ. ಅಂಕ ಮುಗಿಯುವ ಮೊದಲು ಪರದೆ ಬಿಡುವುದು ಕಂಪನಿಯಲ್ಲಿ ಕ್ಷಮೆಯಿಲ್ಲದ ತಪ್ಪು. ಬೆಂಕಿ ಬಿದ್ದರೆ ಮಾತ್ರ ಬಿಡಬಹುದು. ಅನ್ನ ಹೋಗುತ್ತದೆ, ಹೋಗಲಿ ಎಂದುಕೊಂಡೆ.

ಮಾರನೆಯ ಸಂಜೆ ಅಪ್ಪ ಬಂದರು. ಪರದೆಯ ತೂತಿನಿಂದ ನೋಡಿದೆ: ಮುಂದಿನಿಂದ ಎರಡನೆಯ ಬೆಂಚು, ಮಡಿಸಿದ ವಲ್ಲಿ, ಹಣೆಯ ಮೇಲೆ ಅಚ್ಚುಕಟ್ಟಾದ ಮೂರು ಗೆರೆ. ಆಮೇಲೆ ಆ ಕಡೆ ನೋಡುವ ಧೈರ್ಯ ಬರಲಿಲ್ಲ. ಮಾಲೀಕರು ಸೇರಿಸಿದ್ದ ಬೈಗುಳಗಳನ್ನೆಲ್ಲ ಹಿರಿಯರು ನುಂಗಿಕೊಂಡೇ ಎರಡು ಅಂಕ ಆಡಿದರು. ಮೂರನೆಯದರಲ್ಲಿ ಲೋಟ ಬಂತು. ಬೀಗರು ಇನ್ನೊಬ್ಬ ಮಗಳನ್ನು ಕೇಳಿದರು. ನಾನು ಮೊದಲ ಸೀಟಿ ಊದಿದೆ, ಮೆಲ್ಲಗೆ. ಹಗ್ಗದವನು ಆಶ್ಚರ್ಯದಿಂದ ನನ್ನ ಕಡೆ ನೋಡಿ, ಆದರೂ ಬಿಗಿ ಹಿಡಿದ. ಹಿರಿಯರು ನೆಲ ನೋಡಿ, ದನಿ ಏರಿಸದೆ, ಲೋಟ ಅಲುಗದೆ ಅಂದರು. ನಮ್ಮ ಜಗಲಿಯೇ ಅಲ್ಲಿ ಬಂದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಹಾಸನದ ಮೊದಲ ದಿನದ ಮೌನವೇ ಇತ್ತು.

ಆಮೇಲೆ ಒಡೆಯಿತು. ಒನ್ಸ್ ಮೋರ್, ಒನ್ಸ್ ಮೋರ್ ಎಂದು ಮಂಟಪವೇ ಎದ್ದು ನಿಂತಿತು. ಹಿರಿಯರ ಹಿಮ್ಮಡಿ ಹಿಂದಕ್ಕೆ ಸರಿಯುವುದು ಕಂಡಿತು. ಎರಡನೆಯ ಸೀಟಿಯನ್ನು ಕಪಾಳ ನೋಯುವ ಹಾಗೆ ಊದಿದೆ. ಪರದೆ ದಬ್ಬನೆ ಬಿತ್ತು.

ಜನ ಬೆಂಚು ಮುರಿದರು, ಕಡಲೆಕಾಯಿ ಸಿಪ್ಪೆಯ ಜೊತೆ ಕಲ್ಲೂ ಬಂತು, ಒಂದು ಗ್ಯಾಸ್ ಲೈಟು ಒಡೆಯಿತು. ಮಾಲೀಕರು ಓಡಿ ಬಂದು ನನ್ನ ಕೊರಳಿನ ಸೀಟಿಯನ್ನು ದಾರದ ಸಮೇತ ಕಿತ್ತುಕೊಂಡು, ಇನ್ನು ಮೇಲೆ ಕಂಪನಿಯ ನೆರಳಿಗೂ ಬರಬೇಡ ಎಂದರು. ಅವರು ಬೈದ ಬೈಗುಳಗಳ ಸಾಲಿನಲ್ಲಿ ಆ ಮಾತೂ ಇತ್ತು. ನನಗೆ ಏನೂ ಅನ್ನಿಸಲಿಲ್ಲ. ಅವರ ಬಾಯಲ್ಲಿ ಅದು ಎಲೆ ಅಡಿಕೆಯ ರಸವಿದ್ದ ಹಾಗೆ. ಹಿರಿಯರು ಮಾತ್ರ ದೂರದಿಂದಲೇ ಕೈ ಮುಗಿದರು.

ಅಪ್ಪ ಕೋಟೆಯ ಬೀದಿಯಲ್ಲಿ ನೆಂಟರ ಮನೆಯಲ್ಲಿ ಇಳಿದಿದ್ದರು. ಬೆಳಿಗ್ಗೆ ನನ್ನ ಟ್ರಂಕು ಹೊತ್ತುಕೊಂಡೇ ಅಲ್ಲಿಗೆ ಹೋದೆ. ಅವರು ಪೂಜೆ ಮುಗಿಸಿ ಬಿಸಿಲಿಗೆ ಕೂತಿದ್ದರು. ಮುಖ ಎತ್ತದೆ, ತಪ್ಪಾಯಿತು, ನಿಮ್ಮನ್ನು ಕೇಳದೆ ನಿಮ್ಮ ಮಾತನ್ನು ಬರೆದೆ, ಊರೂರಲ್ಲಿ ನಗೆಪಾಟಲು ಮಾಡಿದೆ ಎಂದೆ. ಅವರು ಟ್ರಂಕಿನ ಕಡೆ ನೋಡಿದರು, ಅದರ ಬಗ್ಗೆ ಕೇಳಲಿಲ್ಲ.

"ಅವತ್ತು ಒಂದೇ ಸಲ ಅಂದೆ ಕಣಪ್ಪ," ಎಂದರು. "ಅಷ್ಟಕ್ಕೇ ಅವ್ನು ಎದ್ದು ಓಡ್ಬುಟ್ಟ. ಇನ್ನೊಂದ್ಸಲ ಅನ್ನಕ್ಕಾಗ್ಲಿಲ್ವಲ್ಲ ಅಂತ ಇಷ್ಟು ವರ್ಷ ಹೊಟ್ಟೆ ಉರೀತಿತ್ತು. ನೆನ್ನೆ ಆ ಜನ ಎಲ್ಲ ಎದ್ದು ಇನ್ನೊಂದ್ಸಲ ಅನ್ನು ಅಂದ್ರಲ್ಲ, ನಾನೂ ಬೆಂಚಿನ ಮೇಲೆ ಹತ್ತಿ ನಿಂತು ಕೂಗ್ದೆ."

ಅವರ ದನಿ ಒಡೆದು ಹೋಗಿದ್ದನ್ನು ಆಗ ಗಮನಿಸಿದೆ.

"ಅಷ್ಟರಲ್ಲಿ ಯಾವನೋ ಪರದೆ ಬಿಟ್ಬುಟ್ಟ. ಯಾರಪ್ಪ ಅವ್ನು?"

ಯಾರೋ ಗೊತ್ತಿಲ್ಲ ಎಂದೆ.